ಮೇಲ್ ಬೀಗ ಬದಲಾದ ಕಥೆ

ಚಿಕ್ಕಬಳ್ಳಾಪುರ ಕೋಲಾರದಿಂದ ಬೇರೆಯಾಗಿ ಜಿಲ್ಲೆಯಾದದ್ದು 2007ರಲ್ಲಿ. ಜಿಮೇಲ್ ಯಾರ ಆಹ್ವಾನವೂ ಬೇಡ ಅಂತ ಎಲ್ಲರಿಗೂ ಬಾಗಿಲು ತೆರೆದದ್ದೂ ಅದೇ ವರ್ಷ. ಆಮೇಲೆ ಗೌರಿಬಿದನೂರು, ಚಿಂತಾಮಣಿಯ ಸೈಬರ್ ಸೆಂಟರ್‌ಗಳಲ್ಲಿ ಅರ್ಜಿ ಹಾಕಲೆಂದೇ ಐಡಿ ಮಾಡಿಸಿಕೊಂಡವರು ಎಷ್ಟೋ ಜನ. ಪಾಸ್‌ವರ್ಡ್ ನಮಗಿಂತ ಚೆನ್ನಾಗಿ ಸೆಂಟರ್‌ನವರಿಗೇ ನೆನಪಿರುತ್ತಿತ್ತು.

ಮೇಲ್ ಓದುವ ಸಾಫ್ಟ್‌ವೇರ್‌ಗಳದ್ದೂ ಹೆಚ್ಚುಕಡಿಮೆ ಇದೇ ಕಥೆ. 1980ರ ದಶಕದಲ್ಲಿ ಬಂದ ಪಾಪ್, ಐಮ್ಯಾಪ್ ಪದ್ಧತಿಯಲ್ಲಿ ನಮ್ಮ ಪಾಸ್‌ವರ್ಡನ್ನೇ ಆಪ್ ಕೈಗೆ ಕೊಡಬೇಕಿತ್ತು. ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡು ಒಯ್ಯುವವನಿಗೆ ಮನೆ ಬೀರುವಿನ ಬೀಗದ ಕೈ ಕೊಟ್ಟು ಕಳಿಸಿದ ಹಾಗೆ.

2012ರಲ್ಲಿ ಓಆತ್ 2.0 ಎಂಬ ಪದ್ಧತಿ ಸಿದ್ಧವಾಯಿತು. ಇದರಲ್ಲಿ ಪಾಸ್‌ವರ್ಡ್ ಹೇಳುವುದು ಮೇಲ್ ಕಂಪನಿಗೆ ಮಾತ್ರ. ಆಪ್‌ಗೆ ಸಿಗುವುದು ಒಂದು ಚೀಟಿ, ಬೇಡವೆನಿಸಿದಾಗ ರದ್ದು ಮಾಡಬಹುದು. ಏರ್ಪಾಡು ಒಳ್ಳೆಯದೇ, ತಕರಾರಿಲ್ಲ. 2022ರ ಮೇ 30ರಿಂದ ಗೂಗಲ್ ಹಳೆಯ ದಾರಿ ಮುಚ್ಚತೊಡಗಿತು. ಅಕ್ಟೋಬರ್ 1ರಿಂದ ಮೈಕ್ರೋಸಾಫ್ಟ್ ತನ್ನ ಕಚೇರಿ ಮೇಲ್‌ಗಳಲ್ಲೂ ಅದನ್ನೇ ಮಾಡಿತು. ಜಿಮೇಲ್ ಆಪ್‌ನಲ್ಲೇ ಓದುವ ನಮ್ಮಂಥವರಿಗೆ ಇದು ಗೊತ್ತೇ ಆಗಲಿಲ್ಲ. ಆದರೆ ಹಳೆಯ ಮೇಲ್ ಆಪ್‌ಗಳು, ಸ್ಕ್ಯಾನ್ ಮಾಡಿ ನೇರ ಮೇಲ್‌ಗೆ ಕಳಿಸುವ ಯಂತ್ರಗಳು 'ಪಾಸ್‌ವರ್ಡ್ ತಪ್ಪು' ಅಂದವು. ಪಾಸ್‌ವರ್ಡ್ ಸರಿಯಾಗೇ ಇತ್ತು!

ನಮ್ಮ ಸರ್ಕಾರಿ ಪ್ರೌಢಶಾಲೆಗಳಿಗೂ ಓಪನ್ ಸೋರ್ಸ್ ಹೊಸದಲ್ಲ. 2011ರ ಸುಮಾರಿಗೆ ಶುರುವಾದ 'ವಿಷಯ ಶಿಕ್ಷಕರ ವೇದಿಕೆ'ಯಲ್ಲಿ ಮೇಷ್ಟ್ರುಗಳು ಕಲಿತದ್ದು ಉಬುಂಟು, ಪಾಠ ಹಂಚಿಕೊಂಡದ್ದು ಮೇಲ್ ಗುಂಪುಗಳಲ್ಲಿ. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಜೊತೆಗಿತ್ತು. ಅದೇ ವರ್ಷದ ಅಕ್ಟೋಬರ್‌ನಿಂದ ಉಬುಂಟು ಜೊತೆಗೇ ಥಂಡರ್‌ಬರ್ಡ್ ಎಂಬ ಮೇಲ್ ಸಾಫ್ಟ್‌ವೇರ್ ಬರತೊಡಗಿತು. 2015ರಲ್ಲಿ ಅದು ಜಿಮೇಲ್‌ನ ಚೀಟಿ ಪದ್ಧತಿ ಕಲಿತುಕೊಂಡಿತು, ಹಾಗಾಗಿ ಅಪ್‌ಡೇಟ್ ಆಗಿದ್ದ ಕಂಪ್ಯೂಟರ್‌ಗಳಿಗೆ ತೊಂದರೆಯಿರಲಿಲ್ಲ.

ತೊಡಕು ಬೇರೆ ಕಡೆ ಇದೆ. ಚೀಟಿ ಕೊಡುವ ಮೊದಲು ಗೂಗಲ್ 'ನೀನು ಯಾವ ಆಪ್?' ಅಂತ ಕೇಳುತ್ತದೆ. ಅದಕ್ಕೆ ಆಪ್ ಮಾಡಿದವರು ನೋಂದಣಿ ಮಾಡಿಸಿ ಗುರುತಿನ ಸಂಖ್ಯೆ ಪಡೆಯಬೇಕು. ಆ ಸಂಖ್ಯೆಯನ್ನು ಓಪನ್ ಸೋರ್ಸ್ ಸಾಫ್ಟ್‌ವೇರ್‌ನೊಳಗೆ ಹಾಕಬಾರದು ಎಂದೇ ಗೂಗಲ್‌ನ ಷರತ್ತಿನಲ್ಲಿದೆ. ಓಪನ್ ಸೋರ್ಸ್ ಅಂದರೆ ಒಳಗಿನದೆಲ್ಲ ಊರಿಗೇ ಕಾಣುವಂತೆ ಬಿಚ್ಚಿಟ್ಟದ್ದು. ಅಲ್ಲಿ ಗುಟ್ಟು ಬಚ್ಚಿಡುವುದೆಲ್ಲಿ? ಥಂಡರ್‌ಬರ್ಡ್ ತನ್ನ ಸಂಖ್ಯೆಯನ್ನು ಬಹಿರಂಗವಾಗಿಯೇ ಇಟ್ಟುಕೊಂಡು ನಡೆಯಿತು. ದೊಡ್ಡವರಿಗೆ ಅದು ಸಾಧ್ಯ.

ಖರ್ಚಿನ ಮಾತೂ ಇದೆ. ಜಿಮೇಲ್ ಮಾಹಿತಿಯನ್ನು ತಮ್ಮ ಸರ್ವರ್‌ನಲ್ಲಿ ಇಡುವ ಆಪ್‌ಗಳು ಹೊರಗಿನವರಿಂದ ತಪಾಸಣೆ ಮಾಡಿಸಬೇಕು ಎಂದು 2018ರಲ್ಲಿ ಗೂಗಲ್ ಹೇಳಿತು. ಅದಕ್ಕೆ 15,000ದಿಂದ 75,000 ಡಾಲರ್, ಇನ್ನೂ ಹೆಚ್ಚೂ ಆಗಬಹುದು ಎಂದಿತು. ನಮ್ಮ ಫೋನಿನಲ್ಲೇ ಎಲ್ಲ ಇಟ್ಟುಕೊಳ್ಳುವ ಆಪ್‌ಗೆ ಆ ತಪಾಸಣೆ ಬೇಡ. ಆದರೂ ಗೂಗಲ್‌ನ ಒಪ್ಪಿಗೆ ಬೇಕೇ ಬೇಕು.

2008ರಿಂದ ಇದ್ದ ಕೆ-9 ಮೇಲ್ ಎಂಬ ಆಂಡ್ರಾಯ್ಡ್ ಆಪ್ ನೋಡಿ. ಬೆರಳೆಣಿಕೆಯ ಜನ ನಡೆಸುತ್ತಿದ್ದರು. 2022ರ ಜೂನ್‌ನಲ್ಲಿ ಅದು ಥಂಡರ್‌ಬರ್ಡ್ ಕುಟುಂಬ ಸೇರಿತು, ಜಿಮೇಲ್‌ಗೆ ಚೀಟಿ ಪದ್ಧತಿ ಅದೇ ವರ್ಷ ಬಂತು. ಅದೇ ಆಪ್ ಈಗ 'ಆಂಡ್ರಾಯ್ಡ್‌ಗಾಗಿ ಥಂಡರ್‌ಬರ್ಡ್' ಹೆಸರಿನಲ್ಲೂ ಸಿಗುತ್ತದೆ. ಹೀಗೆ ಆಸರೆ ಸಿಗದ ಸಣ್ಣ ಆಪ್‌ಗಳಿಗೆ ಗೂಗಲ್ ಒಂದು ಕಿಟಕಿ ಬಿಟ್ಟಿದೆ: ಎರಡು ಹಂತದ ಪರಿಶೀಲನೆ ಹಾಕಿಕೊಂಡರೆ 16 ಅಕ್ಷರದ 'ಆಪ್ ಪಾಸ್‌ವರ್ಡ್' ಕೊಡುತ್ತದೆ. ಮೈಕ್ರೋಸಾಫ್ಟ್ ತನ್ನ ಔಟ್‌ಲುಕ್ ಖಾತೆಗಳಿಗೆ ಆ ಕಿಟಕಿಯನ್ನೂ 2024ರ ಸೆಪ್ಟೆಂಬರ್ 16ರಂದು ಮುಚ್ಚಿತು.