ಬೆಲೆ ಕಟ್ಟುವವರ ಮೇಲಿನ ಕಟ್ಟಳೆ

1984ರ ಮಾರ್ಚ್‌ನಲ್ಲಿ ಅಮೆರಿಕದ ಫೆಡರಲ್ ಹೋಮ್ ಲೋನ್ ಬ್ಯಾಂಕ್ ಮಂಡಳಿಯ ಅಧ್ಯಕ್ಷ ಎಡ್ವಿನ್ ಗ್ರೇ ಒಂದು ವಿಡಿಯೊ ನೋಡಿದರು. ಟೆಕ್ಸಾಸಿನ ಡಲ್ಲಾಸ್ ನಗರದ ಪೂರ್ವಕ್ಕೆ, 30ನೇ ಅಂತರರಾಜ್ಯ ಹೆದ್ದಾರಿಯ ಆಸುಪಾಸಿನಲ್ಲಿ ತೆಗೆದ ಚಿತ್ರ ಅದು. ಕಣ್ಣು ಹಾಯಿಸಿದಷ್ಟೂ ಕಾಂಡೊಮಿನಿಯಂಗಳು. ಕೆಲವು ಅರ್ಧಕ್ಕೆ ನಿಂತಿದ್ದವು, ಕೆಲವು ಪೂರ್ತಿಯಾಗಿಯೂ ಖಾಲಿ ಬಿದ್ದಿದ್ದವು. ಎಷ್ಟೋ ಕಡೆ ನೆಲಕ್ಕೆ ಸುರಿದ ಕಾಂಕ್ರೀಟ್ ಬಿಟ್ಟರೆ ಬೇರೇನೂ ಇರಲಿಲ್ಲ. ಇವುಗಳಿಗೆ ಸಾಲ ಸುರಿದವರಲ್ಲಿ ಮುಂದಿದ್ದದ್ದು ಮೆಸ್ಕೀಟ್ ಎಂಬ ಊರಿನ ಎಂಪೈರ್ ಸೇವಿಂಗ್ಸ್ ಅಂಡ್ ಲೋನ್. ಅದೇ ತಿಂಗಳು ಸರ್ಕಾರ ಅದಕ್ಕೆ ಬೀಗ ಜಡಿಯಿತು. ವ್ಯವಹಾರದ ಸೂತ್ರಧಾರನೆನಿಸಿದ, ಹಿಂದೆ ಮನೆಗಳಿಗೆ ಬಣ್ಣ ಬಳಿಯುತ್ತಿದ್ದ ಡ್ಯಾನಿ ಫಾಕ್ನರ್‌ಗೆ ಶಿಕ್ಷೆಯಾಗಲು 1991 ಬರಬೇಕಾಯಿತು.

ಆಟ ಸರಳವಾಗಿತ್ತು. ಒಂದೇ ಜಾಗವನ್ನು ತಮ್ಮತಮ್ಮಲ್ಲೇ ಕೈಯಿಂದ ಕೈಗೆ ಮಾರುವುದು, ಒಂದೊಂದು ಕೈ ಬದಲಾದಾಗಲೂ ಬೆಲೆ ಏರಿಸುವುದು, ಕೊನೆಯ ಬೆಲೆಯ ಮೇಲೆ ಸಾಲ ಎತ್ತುವುದು. ಆದರೆ ಇದಕ್ಕೆ ಒಂದು ಕಾಗದ ಬೇಕೇ ಬೇಕು. ಈ ಜಾಗ ಇಷ್ಟು ಬೆಲೆ ಬಾಳುತ್ತದೆ ಎಂದು ಮೂರನೆಯವನೊಬ್ಬ ಬರೆದು ಸಹಿ ಹಾಕಿರಬೇಕು. ಆ ಮೂರನೆಯವನೇ ಅಪ್ರೈಸರ್. ನಮ್ಮ ಬ್ಯಾಂಕುಗಳ ಭಾಷೆಯಲ್ಲಿ ವ್ಯಾಲ್ಯುಯರ್. ಹೆಚ್ಚಿನ ರಾಜ್ಯಗಳಲ್ಲಿ ಆಗ ಅವನಿಗೆ ಪರೀಕ್ಷೆಯೂ ಇರಲಿಲ್ಲ, ಲೈಸೆನ್ಸೂ ಇರಲಿಲ್ಲ. ಕ್ಷೌರಿಕನೂ ಲೈಸೆನ್ಸ್ ಪಡೆಯಬೇಕಿದ್ದ ದೇಶದಲ್ಲಿ ಕೋಟ್ಯಂತರ ಡಾಲರ್ ಸಾಲಕ್ಕೆ ಆಧಾರವಾಗುವ ಬೆಲೆಯನ್ನು ಯಾರು ಬೇಕಾದರೂ ಬರೆದುಕೊಡಬಹುದಿತ್ತು.

ವೃತ್ತಿಗೆ ತನ್ನದೇ ಸಂಘಗಳೇನೋ ಇದ್ದವು. ಮಹಾ ಆರ್ಥಿಕ ಕುಸಿತದ ನಡುವೆ, 1932ರಲ್ಲಿ, ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ರಿಯಲ್ ಎಸ್ಟೇಟ್ ಅಪ್ರೈಸರ್ಸ್ ಹುಟ್ಟಿತು. ಅದರ ಸದಸ್ಯರು ಹೆಸರಿನ ಮುಂದೆ ಎಂ.ಎ.ಐ. ಎಂದು ಬರೆದುಕೊಳ್ಳುತ್ತಿದ್ದರು. ತಪ್ಪು ಮಾಡಿದವನಿಗೆ ಸಂಘ ಕೊಡಬಹುದಾಗಿದ್ದ ಅತಿ ದೊಡ್ಡ ಶಿಕ್ಷೆ ಆ ಮೂರಕ್ಷರ ಕಿತ್ತುಕೊಳ್ಳುವುದು. ಕಿತ್ತುಕೊಂಡ ಮರುದಿನವೂ ಅವನು ಅಕ್ಷರವಿಲ್ಲದೆ ಅದೇ ಕಸುಬು ಮುಂದುವರಿಸಬಹುದಿತ್ತು. ಆ ಮೂರಕ್ಷರವನ್ನು ‘ಹೇಳಿದಂತೆ ಬರೆದದ್ದು’ ಎಂದು ಬಿಡಿಸುವ ಕುಹಕವೂ ವೃತ್ತಿಯೊಳಗೇ ಚಾಲ್ತಿಯಲ್ಲಿತ್ತು.

ಸಂಘದ ಶಿಸ್ತಿಗೆ ಇನ್ನೂ ಕರಾಳವಾದ ಮುಖವೊಂದಿತ್ತು. 1933ರಲ್ಲಿ ಸರ್ಕಾರ ಕಟ್ಟಿದ ಹೋಮ್ ಓನರ್ಸ್ ಲೋನ್ ಕಾರ್ಪೊರೇಷನ್ ಸುಮಾರು 10 ಲಕ್ಷ ಮನೆಸಾಲಗಳನ್ನು ತಾನು ವಹಿಸಿಕೊಂಡು ಜನರನ್ನು ಬೀದಿಗೆ ಬೀಳದಂತೆ ಉಳಿಸಿತು. ಅದೇ ಸಂಸ್ಥೆ 1935ರಿಂದ 200ಕ್ಕೂ ಹೆಚ್ಚು ನಗರಗಳಿಗೆ ಬಣ್ಣದ ನಕ್ಷೆಗಳನ್ನೂ ಮಾಡಿಸಿತು. ಒಳ್ಳೆಯ ಬಡಾವಣೆಗೆ ಹಸಿರು, ನಂತರದ್ದಕ್ಕೆ ನೀಲಿ, ಇಳಿಯುತ್ತಿರುವುದಕ್ಕೆ ಹಳದಿ, ಅಪಾಯದ್ದಕ್ಕೆ ಕೆಂಪು. ಕಪ್ಪು ಜನರಿದ್ದ ಬೀದಿಗಳಿಗೆ ಬಹುಮಟ್ಟಿಗೆ ಕೆಂಪೇ ಗತಿ. ಆ ನಕ್ಷೆಗಳಿಂದ ಎಷ್ಟು ಹಾನಿಯಾಯಿತು ಎಂಬ ಬಗ್ಗೆ ಇತಿಹಾಸಕಾರರಲ್ಲಿ ತಕರಾರಿದೆ. 1934ರಲ್ಲಿ ಬಂದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ನಿನ ಬಗ್ಗೆ ಅಷ್ಟು ತಕರಾರಿಲ್ಲ. ಅದರ ಸಾಲವಿಮೆಯ ಕೈಪಿಡಿಯನ್ನು ರೂಪಿಸುವಲ್ಲಿ ಮುಖ್ಯ ಪಾತ್ರ ವಹಿಸಿದವರು ಆ ಕಾಲದ ಪ್ರಸಿದ್ಧ ಮೌಲ್ಯಮಾಪಕ ಫ್ರೆಡರಿಕ್ ಬ್ಯಾಬ್‌ಕಾಕ್. ಬೇರೆ ಜನಾಂಗದವರು ಬಂದು ನೆಲೆಸಿದರೆ ಬೆಲೆ ಬೀಳುತ್ತದೆ ಎಂಬುದು ಅದರಲ್ಲಿ ನಿಯಮವಾಗಿಯೇ ಸೇರಿತ್ತು. ಹೀಗೆ ಬರೆಯುವುದು ಆಗ ದುರ್ನಡತೆ ಎನಿಸಿರಲಿಲ್ಲ. ಪಾಠವೇ ಹಾಗಿತ್ತು.

ಆ ಪಾಠ ಬದಲಾಗಲು ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. 1976ರಲ್ಲಿ ಅಮೆರಿಕದ ನ್ಯಾಯ ಇಲಾಖೆ ಈ ಸಂಘಗಳ ಮೇಲೆಯೇ ವಸತಿ ತಾರತಮ್ಯದ ದಾವೆ ಹೂಡಿತು. ಮರುವರ್ಷ ಇನ್‌ಸ್ಟಿಟ್ಯೂಟ್ ರಾಜಿಗೆ ಬಂದು, ನೆರೆಹೊರೆಯವರೆಲ್ಲ ಒಂದೇ ಜನಾಂಗ ಅಥವಾ ಧರ್ಮದವರಾಗಿದ್ದರೆ ಮಾತ್ರ ಪೂರ್ತಿ ಬೆಲೆ ಎಂಬ ನಂಬಿಕೆಯ ಮೇಲೆ ಬೆಲೆ ಕಟ್ಟುವುದು ಸಲ್ಲದು ಎಂದು ಒಪ್ಪಿಕೊಂಡಿತು. ಪಠ್ಯಪುಸ್ತಕವನ್ನೂ ತಿದ್ದಿತು. ಷಿಕಾಗೊದ ಫೆಡರಲ್ ನ್ಯಾಯಾಲಯ ಆ ರಾಜಿಗೆ ಮುದ್ರೆ ಒತ್ತಿತು. ಈ ವೃತ್ತಿಯ ಮೇಲೆ ನ್ಯಾಯಾಲಯದ ಕಣ್ಣು ನಿಜವಾಗಿ ನೆಟ್ಟದ್ದು ಇಲ್ಲಿಂದ ಎನ್ನಬಹುದು.

ಟೆಕ್ಸಾಸಿನ ಬೀಗ ಮುಂದಿನದಕ್ಕೆ ಪೀಠಿಕೆಯಾಯಿತು. ಜಾರ್ಜಿಯಾದ ಸಂಸದ ಡಗ್ ಬರ್ನಾರ್ಡ್ ಅವರ ಉಪಸಮಿತಿ 1985ರಲ್ಲಿ ವಿಚಾರಣೆ ನಡೆಸಿ, ಉಬ್ಬಿಸಿದ ವ್ಯಾಲ್ಯುಯೇಷನ್ ರಿಪೋರ್ಟುಗಳು ಸಾಲಸಂಸ್ಥೆಗಳನ್ನು ಹೇಗೆ ಮುಳುಗಿಸುತ್ತಿವೆ ಎಂದು 1986ರಲ್ಲಿ ವರದಿ ಕೊಟ್ಟಿತು. ಸರ್ಕಾರ ಬರುವ ಮೊದಲೇ ತಾವೇ ಮನೆ ತೊಳೆದುಕೊಳ್ಳೋಣ ಎಂದು ವೃತ್ತಿ ಸಂಘಗಳು 1987ರಲ್ಲಿ ಅಪ್ರೈಸಲ್ ಫೌಂಡೇಷನ್ ಕಟ್ಟಿ, ‘ಯೂಸ್‌ಪ್ಯಾಪ್’ ಎಂದು ಕರೆಯುವ ಏಕರೂಪದ ಮಾನದಂಡ ಬರೆದವು. 1989ರ ಆಗಸ್ಟ್‌ನಲ್ಲಿ ಅಧ್ಯಕ್ಷ ಜಾರ್ಜ್ ಎಚ್. ಡಬ್ಲ್ಯು. ಬುಷ್ ‘ಫಿರಿಯಾ’ ಕಾಯ್ದೆಗೆ ಸಹಿ ಹಾಕಿದರು. ಫೆಡರಲ್ ನಿಯಂತ್ರಣಕ್ಕೆ ಒಳಪಟ್ಟ ಸಾಲಗಳಿಗೆ ಇನ್ನು ರಾಜ್ಯದ ಲೈಸೆನ್ಸ್ ಇದ್ದವನೇ ಬೆಲೆ ಕಟ್ಟಬೇಕು, ಯೂಸ್‌ಪ್ಯಾಪ್ ಪಾಲಿಸಲೇಬೇಕು ಎಂದಾಯಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಬಂದ ಕಾಯ್ದೆ ಇದು. 1986ರಿಂದ 1995ರವರೆಗೆ 1,043 ಉಳಿತಾಯ ಮತ್ತು ಸಾಲ ಸಂಸ್ಥೆಗಳು ಮುಚ್ಚಿದವು. ತೆರಿಗೆದಾರರ ತಲೆಗೆ ಸುಮಾರು 12,400 ಕೋಟಿ ಡಾಲರ್ ಬಿತ್ತು.

ಈಗ ಪ್ರತಿ ರಾಜ್ಯದಲ್ಲೂ ಈ ವೃತ್ತಿಗೆ ಒಂದು ಮಂಡಳಿಯೋ ಇಲಾಖೆಯೋ ಇದೆ. ದೂರು ಬಂದರೆ ಅದು ಮೊದಲು ಕೇಳುವುದು ಕೆಲಸದ ಕಡತವನ್ನು. ವ್ಯಾಲ್ಯುಯರ್ ಪ್ರತಿ ರಿಪೋರ್ಟಿನ ಕಡತವನ್ನೂ ಕನಿಷ್ಠ 5 ವರ್ಷ ಇಟ್ಟುಕೊಳ್ಳಬೇಕು. ಕೋರ್ಟಿನಲ್ಲಿ ಸಾಕ್ಷಿ ನುಡಿದಿದ್ದರೆ ಆ ವ್ಯಾಜ್ಯ ಮುಗಿದು 2 ವರ್ಷದವರೆಗೆ. ಸಾಮಾನ್ಯವಾದ ಮನೆಸಾಲದ ರಿಪೋರ್ಟನ್ನೇ ತೆಗೆದುಕೊಳ್ಳಿ. ಅಚ್ಚಾದ ಒಂದು ನಮೂನೆ. ಅದರಲ್ಲಿ ಪಕ್ಕಪಕ್ಕದ ಕಾಲಂಗಳಲ್ಲಿ ಈ ಮನೆಯೂ ಇತ್ತೀಚೆಗೆ ಮಾರಾಟವಾದ ಮೂರು ಮನೆಗಳೂ. ಒಂದಕ್ಕೆ ಗ್ಯಾರೇಜ್ ಇಲ್ಲ ಎಂದು ಇಷ್ಟು ಕೂಡಿಸು, ಇನ್ನೊಂದಕ್ಕೆ ಬಚ್ಚಲುಮನೆ ಹೆಚ್ಚು ಎಂದು ಇಷ್ಟು ಕಳೆ. ಅಂಕಿಗಳ ಚೌಕಟ್ಟಿನಲ್ಲಿ ನೋಡಿದರೆ ಎಲ್ಲವೂ ನಿಖರ. ಚಾಲಾಕಿತನ ನಡೆಯುವುದು ಯಾವ ಮೂರು ಮನೆಗಳನ್ನು ಆರಿಸಿದ ಎಂಬಲ್ಲಿ. ಪಕ್ಕದ ಬೀದಿಯ ಅಗ್ಗದ ಮಾರಾಟ ಬಿಟ್ಟು ರೈಲುಹಳಿಯ ಆಚೆಯ ದುಬಾರಿ ಮನೆ ಏಕೆ ಹಿಡಿದ? ಇದೇ ಮನೆ ಹಿಂದಿನ 3 ವರ್ಷಗಳಲ್ಲಿ ಮಾರಾಟವಾಗಿದ್ದರೆ ಅದನ್ನು ಏಕೆ ಹೇಳಲಿಲ್ಲ? ಈ ಎರಡನೆಯ ಪ್ರಶ್ನೆ ಯೂಸ್‌ಪ್ಯಾಪ್‌ನ ನಿಯಮವೇ. ಎಂಪೈರ್‌ನಂಥ ಸಂಸ್ಥೆಗಳು ಆಡಿದ ಮರುಮಾರಾಟದ ಆಟಕ್ಕೆ ನೇರ ಉತ್ತರ ಅದು.

ಶಿಕ್ಷೆ ಛೀಮಾರಿಯಿಂದ ಶುರುವಾಗಿ ಕಡ್ಡಾಯ ತರಗತಿ, ದಂಡ, ಅಮಾನತು ದಾಟಿ ಲೈಸೆನ್ಸ್ ರದ್ದಿನವರೆಗೂ ಹೋಗುತ್ತದೆ. ಅದಕ್ಕೆ ಒಪ್ಪದವನು ಕೋರ್ಟಿಗೆ ಹೋಗುತ್ತಾನೆ. ಅಲ್ಲಿ ಅವನಿಗೆ ಮೊದಲ ನಿರಾಸೆ ಕಾದಿರುತ್ತದೆ: ಆ ಮನೆಯ ಬೆಲೆ ನಿಜಕ್ಕೂ ಎಷ್ಟು ಎಂದು ನ್ಯಾಯಾಧೀಶರು ಹೇಳುವುದಿಲ್ಲ. ಹೇಳಬೇಕೆಂದೂ ಅವರಿಗಿಲ್ಲ. ಮಂಡಳಿ ನೋಟಿಸ್ ಕೊಟ್ಟಿತೇ, ಅವನ ಮಾತು ಕೇಳಿತೇ, ತೀರ್ಮಾನಕ್ಕೆ ಕಡತದಲ್ಲಿ ತಕ್ಕ ಆಧಾರವಿದೆಯೇ, ಇಷ್ಟನ್ನೇ ಅವರು ನೋಡುವುದು. ‘ಗಣನೀಯ ಸಾಕ್ಷ್ಯ’ ಎಂಬ ಈ ಅಳತೆಗೋಲು ವ್ಯಾಲ್ಯುಯರ್‌ಗಳ ಲೈಸೆನ್ಸಿಗಿಂತ ಬಹಳ ಹಳೆಯದು. 1938 ಮತ್ತು 1951ರ ಕಾರ್ಮಿಕ ವ್ಯಾಜ್ಯಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ತಿದ್ದಿ ತೀಡಿತು. ರಾಜ್ಯಗಳು ಅದರ ಹೋಲಿಕೆಯ ಗೋಲುಗಳನ್ನು ತಮ್ಮದಾಗಿಸಿಕೊಂಡವು. ತನಿಖೆ ಮಾಡಿದ ಮಂಡಳಿಯೇ ತೀರ್ಪನ್ನೂ ಕೊಟ್ಟರೆ ನ್ಯಾಯವೇ ಎಂಬ ಹಳೆಯ ಆಕ್ಷೇಪಕ್ಕೆ ಉತ್ತರ ಬಂದದ್ದು 1975ರಲ್ಲಿ, ವಿಸ್ಕಾನ್ಸಿನ್ನಿನ ವೈದ್ಯನೊಬ್ಬನ ಪ್ರಕರಣದಲ್ಲಿ. ಎರಡೂ ಕೆಲಸ ಒಂದೇ ಕೈಯಲ್ಲಿರುವುದಷ್ಟರಿಂದಲೇ ಪಕ್ಷಪಾತವಾಯಿತು ಎನ್ನಲಾಗದು ಎಂದಿತು ಸರ್ವೋಚ್ಚ ನ್ಯಾಯಾಲಯ. ಮೌಲ್ಯಮಾಪಕರ ಮಂಡಳಿಗಳೂ ಅದರ ನೆರಳಲ್ಲೇ ನಿಂತಿವೆ.

ಎಲ್ಲ ರಾಜ್ಯಗಳದ್ದೂ ಒಂದೇ ದಾರಿಯಲ್ಲ. ಕ್ಯಾಲಿಫೋರ್ನಿಯಾದಲ್ಲಿ 1971ರ ಬಿಕ್ಸ್‌ಬಿ ತೀರ್ಪಿನ ಪ್ರಕಾರ, ಕೈಗೆ ಬಂದ ವೃತ್ತಿಯ ಹಕ್ಕನ್ನು ಕಸಿದರೆ ನ್ಯಾಯಾಧೀಶರು ಸಾಕ್ಷ್ಯವನ್ನು ತಾವೇ ತೂಗಿ ನೋಡಬೇಕು. ವಾಷಿಂಗ್ಟನ್ ರಾಜ್ಯದ ಸರ್ವೋಚ್ಚ ನ್ಯಾಯಾಲಯ 2001ರಲ್ಲಿ ವೈದ್ಯನ ಲೈಸೆನ್ಸ್ ಕಸಿಯಲು ಸ್ಪಷ್ಟವೂ ಬಲವತ್ತರವೂ ಆದ ಸಾಕ್ಷ್ಯ ಬೇಕು ಎಂದಿತು. ಅದೇ ನ್ಯಾಯಾಲಯ 2011ರಲ್ಲಿ ಮನೆಯಲ್ಲಿ ಶಿಶುಪಾಲನಾ ಕೇಂದ್ರ ನಡೆಸುತ್ತಿದ್ದ ಮಹಿಳೆಯ ಲೈಸೆನ್ಸಿಗೆ ಅಷ್ಟು ಬೇಡ, ತಕ್ಕಡಿ ಒಂದಿಷ್ಟು ವಾಲಿದರೂ ಸಾಕು ಎಂದಿತು. ಓದು ಹೆಚ್ಚಾದಷ್ಟೂ ರಕ್ಷಣೆ ಹೆಚ್ಚು ಎಂಬ ಈ ಏಣಿಯಲ್ಲಿ ವ್ಯಾಲ್ಯುಯರ್ ಎಷ್ಟನೇ ಮೆಟ್ಟಿಲಲ್ಲಿ ನಿಂತಿದ್ದಾನೆ ಎಂಬುದು ವಕೀಲರಿಗೆ ಒಳ್ಳೆಯ ಗ್ರಾಸ.

ಈ ಇಡೀ ಏರ್ಪಾಡಿನಲ್ಲಿ ಒಂದು ಕೊರತೆ ಎದ್ದು ಕಾಣುತ್ತದೆ. ಶಿಸ್ತು ಹಿಡಿಯುವುದು ಸಹಿ ಹಾಕಿದವನನ್ನು. ಸಹಿ ಹಾಕು ಎಂದು ಬೆನ್ನಿಗೆ ಬಿದ್ದವರು ಹೆಚ್ಚಾಗಿ ಅದರ ಕೈಗೆ ಸಿಗುತ್ತಿರಲಿಲ್ಲ. ಇಷ್ಟು ಬೆಲೆ ಬರೆಯದಿದ್ದರೆ ಮುಂದಿನ ಕೆಲಸ ಸಿಗದು ಎಂಬ ಒತ್ತಡದ ವಿರುದ್ಧ 2000ದಿಂದ 2007ರ ನಡುವೆ 11,000 ಮೌಲ್ಯಮಾಪಕರು ವಾಷಿಂಗ್ಟನ್ನಿನ ಅಧಿಕಾರಿಗಳಿಗೆ ಬರೆದ ಮನವಿಗೆ ಸಹಿ ಹಾಕಿದರು. ಪ್ರಾಮಾಣಿಕರನ್ನು ಕಪ್ಪುಪಟ್ಟಿಗೆ ಸೇರಿಸುತ್ತಿದ್ದಾರೆ ಎಂದು ಹೇಳಿಕೊಂಡರು. ಒತ್ತಡ ಅನುಭವಿಸಿದ್ದೇವೆ ಎಂದವರು 2003ರ ಸಮೀಕ್ಷೆಯೊಂದರಲ್ಲಿ ಶೇ 55. 2006ರ ಹೊತ್ತಿಗೆ ಶೇ 90. ಆರ್ಥಿಕ ಬಿಕ್ಕಟ್ಟಿನ ತನಿಖಾ ಆಯೋಗ ಇದನ್ನೆಲ್ಲ ದಾಖಲಿಸಿದ್ದು 2011ರಲ್ಲಿ. ಅಷ್ಟರಲ್ಲಿ ಮನೆಗಳೂ ಹೋಗಿದ್ದವು, ಬ್ಯಾಂಕುಗಳೂ ಹೋಗಿದ್ದವು.

ಬೆನ್ನಿಗೆ ಬಿದ್ದವರತ್ತ ಮೊದಲು ಕೈ ಚಾಚಿದವರಲ್ಲಿ ನ್ಯೂಯಾರ್ಕಿನ ಅಟಾರ್ನಿ ಜನರಲ್ ಆಂಡ್ರ್ಯೂ ಕುವೊಮೊ ಒಬ್ಬರು. ವಾಷಿಂಗ್ಟನ್ ಮ್ಯೂಚುವಲ್ ಬ್ಯಾಂಕಿನ ಮಾತಿಗೆ ಮಣಿದು, ಅದಕ್ಕೆ ಒಗ್ಗುವ ವ್ಯಾಲ್ಯುಯರ್‌ಗಳನ್ನೇ ಕಳಿಸಿದರು ಎಂದು 2007ರ ನವೆಂಬರ್‌ನಲ್ಲಿ ಫಸ್ಟ್ ಅಮೆರಿಕನ್ ಮತ್ತು ಅದರ ಅಂಗಸಂಸ್ಥೆ ಇ-ಅಪ್ರೈಸ್‌ಇಟ್ ಮೇಲೆ ದಾವೆ ಹೂಡಿದರು. ಇದು ಫೆಡರಲ್ ಸರ್ಕಾರದ ವಿಷಯ, ರಾಜ್ಯಕ್ಕೇನು ಕೆಲಸ ಎಂದು ಕಂಪನಿಗಳು ವಾದಿಸಿದವು. ರಾಜ್ಯಕ್ಕೆ ಅಧಿಕಾರವಿದೆ ಎಂದು ನ್ಯೂಯಾರ್ಕಿನ ಅತ್ಯುನ್ನತ ನ್ಯಾಯಾಲಯ 2011ರಲ್ಲಿ ತೀರ್ಪು ಕೊಟ್ಟಿತು, ಮರುವರ್ಷ ರಾಜಿಯಾಯಿತು. ಈ ನಡುವೆ 2010ರ ಡಾಡ್-ಫ್ರಾಂಕ್ ಕಾಯ್ದೆ ಒತ್ತಡ ಹೇರಿದವರಿಗೂ ದಂಡ ಗೊತ್ತುಮಾಡಿತ್ತು: ಮೊದಲ ಸಲ ದಿನಕ್ಕೆ 10,000 ಡಾಲರ್‌ವರೆಗೆ, ಮತ್ತೆ ಮಾಡಿದರೆ 20,000ದವರೆಗೆ.

ಕೊನೆಗೆ ಮಂಡಳಿಗಳೇ ಕಟಕಟೆಯ ಸಮೀಪ ಬಂದವು. ವೃತ್ತಿಯವರೇ ತುಂಬಿದ ಮಂಡಳಿ, ಸರ್ಕಾರದ ನಿಜವಾದ ಮೇಲುಸ್ತುವಾರಿಯಿಲ್ಲದೆ ಪೈಪೋಟಿ ಹತ್ತಿಕ್ಕಿದರೆ ಏಕಸ್ವಾಮ್ಯ ವಿರೋಧಿ ಕಾನೂನಿನಿಂದ ನುಣುಚಿಕೊಳ್ಳಲಾಗದು ಎಂದು ಸರ್ವೋಚ್ಚ ನ್ಯಾಯಾಲಯ 2015ರಲ್ಲಿ ಉತ್ತರ ಕೆರೊಲಿನಾದ ದಂತವೈದ್ಯರ ಮಂಡಳಿಗೆ ಹೇಳಿತು. ಅದರ ಬೆನ್ನಿಗೇ, 2017ರಲ್ಲಿ, ಫೆಡರಲ್ ಟ್ರೇಡ್ ಕಮಿಷನ್ ಲೂಯಿಸಿಯಾನದ ಮೌಲ್ಯಮಾಪಕರ ಮಂಡಳಿಯನ್ನು ಹಿಡಿಯಿತು. ವ್ಯಾಲ್ಯುಯರ್‌ಗಳಿಗೆ ಕೊಡಬೇಕಾದ ಶುಲ್ಕವನ್ನು ಮಂಡಳಿಯೇ ನಿಗದಿ ಮಾಡಿದಂತಾಗಿದೆ ಎಂಬುದು ಆರೋಪ. ಸರಿಯಾದ ಕೂಲಿ ಕೊಡಿಸುತ್ತಿದ್ದೇವೆ, ಅದನ್ನು ಡಾಡ್-ಫ್ರಾಂಕ್ ಕಾಯ್ದೆಯೇ ಹೇಳಿದೆ ಎಂಬುದು ಮಂಡಳಿಯ ಸಮಜಾಯಿಷಿ. 5ನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ 2019ರಲ್ಲಿ ಇದು ತನ್ನ ವ್ಯಾಪ್ತಿಯಲ್ಲಿಲ್ಲ ಎಂದು ಮಂಡಳಿಯ ಅರ್ಜಿ ಬದಿಗಿಟ್ಟಿತು. ಜಗಳ 2022ರಲ್ಲಿ ರಾಜಿಯಲ್ಲಿ ಮುಗಿಯಿತು. ಶುಲ್ಕದ ವಿಷಯದಲ್ಲಿ ಮಂಡಳಿಯ ವಾದಕ್ಕೂ ಅರ್ಥವಿತ್ತು. ಬಿಕ್ಕಟ್ಟಿನ ನಂತರ ಬ್ಯಾಂಕಿಗೂ ವ್ಯಾಲ್ಯುಯರ್‌ಗೂ ನಡುವೆ ಬಂದು ಕೂತ ಮಧ್ಯವರ್ತಿ ಕಂಪನಿಗಳು ತಮ್ಮ ಪಾಲು ಕತ್ತರಿಸಿಕೊಂಡ ಮೇಲೆ ಉಳಿಯುವುದು ಅವನ ಕೂಲಿ.

ಅಷ್ಟರಲ್ಲಿ 1976ರ ವಿಷಯ ಮತ್ತೆ ಮೇಲೆದ್ದಿತ್ತು. ಕ್ಯಾಲಿಫೋರ್ನಿಯಾದ ಮರಿನ್ ಸಿಟಿಯ ಕಪ್ಪು ದಂಪತಿಯ ಮನೆಗೆ ಕಟ್ಟಿದ ಬೆಲೆ 9,95,000 ಡಾಲರ್. ಮನೆಯಲ್ಲಿದ್ದ ತಮ್ಮ ಫೋಟೊಗಳನ್ನು ತೆಗೆದು, ಬಿಳಿಯ ಗೆಳತಿಯೊಬ್ಬಳನ್ನು ಮನೆಯೊಡತಿಯಂತೆ ನಿಲ್ಲಿಸಿದಾಗ ಇನ್ನೊಬ್ಬ ವ್ಯಾಲ್ಯುಯರ್ ಬರೆದದ್ದು 14,82,500. ದಂಪತಿ 2021ರಲ್ಲಿ ಫೆಡರಲ್ ಕೋರ್ಟಿಗೆ ಹೋದರು, 2023ರಲ್ಲಿ ರಾಜಿಯಾಯಿತು. 2024ರ ಜನವರಿಯಿಂದ ಜಾರಿಗೆ ಬಂದ ಯೂಸ್‌ಪ್ಯಾಪ್ ಆವೃತ್ತಿಯ ನೀತಿನಿಯಮದಲ್ಲಿ ತಾರತಮ್ಯದ ಬಗ್ಗೆ ಪ್ರತ್ಯೇಕ ಭಾಗವೇ ಇದೆ. ಮರಿನ್ ರಾಜಿಯಲ್ಲಿ ಮೊದಲ ರಿಪೋರ್ಟ್ ಬರೆದವರು ಒಪ್ಪಿಕೊಂಡ ಷರತ್ತುಗಳಲ್ಲಿ ಒಂದು, ಆ ಪ್ರದೇಶದಲ್ಲಿ ನಡೆದ ಜನಾಂಗೀಯ ಪ್ರತ್ಯೇಕತೆ ಮತ್ತು ವಸತಿ ತಾರತಮ್ಯದ ಇತಿಹಾಸದ ತರಗತಿಗೆ ಹೋಗಿ ಕೂರುವುದು.