‘ನಗರದ ಶ್ವಾಸಕೋಶ’: ಒಂದು ಹೋಲಿಕೆಯ ಇತಿಹಾಸ

ಉದ್ಯಾನಗಳಿಂದ ಊರಿಗೆ ಏನು ಪ್ರಯೋಜನ ಎಂದು ಯಾವ ತರಗತಿಯಲ್ಲಾದರೂ ಕೇಳಿ ನೋಡಿ. ‘ಅವು ನಗರದ ಶ್ವಾಸಕೋಶಗಳು, ನಮಗೆ ಆಕ್ಸಿಜನ್ ಕೊಡುತ್ತವೆ’ ಎಂಬ ಉತ್ತರ ಥಟ್ಟನೆ ಬರುತ್ತದೆ. ವನಮಹೋತ್ಸವದ ಭಾಷಣಗಳಲ್ಲಿ ನಾನೂ ಇದನ್ನೇ ಹೇಳಿದ್ದುಂಟು. ಒಮ್ಮೆ ಬಿ.ಎಸ್ಸಿ. ತರಗತಿಯ ವಿದ್ಯಾರ್ಥಿನಿಯೊಬ್ಬಳು, ‘ಸರ್, ಶ್ವಾಸಕೋಶ ಆಕ್ಸಿಜನ್ ಒಳಗೆ ತಗೊಳ್ಳುತ್ತೆ, ಮರ ಹೊರಗೆ ಬಿಡುತ್ತೆ. ಹೋಲಿಕೆ ತಿರುಗುಮುರುಗಾಯಿತಲ್ಲ?’ ಎಂದಳು. ತರಗತಿ ನಕ್ಕಿತು. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಈ ಹೋಲಿಕೆ ಹುಟ್ಟಿದ್ದು ಎಲ್ಲಿ? ಅದು ಲೆಕ್ಕಕ್ಕೆ ನಿಲ್ಲುತ್ತದೆಯೆ?

ಪುದೀನದಿಂದ ಪಾರ್ಲಿಮೆಂಟಿಗೆ

1771ರ ಆಗಸ್ಟ್‌ನಲ್ಲಿ ಜೋಸೆಫ್ ಪ್ರೀಸ್ಟ್ಲಿ ಮೇಣದಬತ್ತಿ ಉರಿದು ಆರಿದ ಗಾಳಿಯಲ್ಲಿ ಪುದೀನದ ಒಂದು ಕುಡಿಯನ್ನು ಇಟ್ಟರು. ಹತ್ತು ದಿನಗಳ ನಂತರ ಅದೇ ಗಾಳಿಯಲ್ಲಿ ಇನ್ನೊಂದು ಮೇಣದಬತ್ತಿ ಚೆನ್ನಾಗಿ ಉರಿಯಿತು. ‘ಕೆಟ್ಟ’ ಗಾಳಿಯನ್ನು ಗಿಡ ಸರಿಪಡಿಸಿತ್ತು! 1773ರಲ್ಲಿ ರಾಯಲ್ ಸೊಸೈಟಿ ಅವರಿಗೆ ಕಾಪ್ಲಿ ಪದಕ ನೀಡಿದಾಗ, ಅಧ್ಯಕ್ಷ ಜಾನ್ ಪ್ರಿಂಗಲ್ ಈ ಶೋಧವನ್ನು ಇಡೀ ಸಸ್ಯಲೋಕಕ್ಕೆ ವಿಸ್ತರಿಸಿ, ಗಿಡಮರಗಳು ವಾತಾವರಣವನ್ನೇ ಶುಚಿಗೊಳಿಸುತ್ತವೆ ಎಂದು ಸಾರಿದರು. ಇದು ನಡೆಯುವುದು ಹಸಿರು ಭಾಗಗಳಲ್ಲಿ, ಅದೂ ಬೆಳಕಿನಲ್ಲಿ ಮಾತ್ರ ಎಂದು 1779ರಲ್ಲಿ ಯಾನ್ ಇಂಗೆನ್‌ಹೌಸ್ ತೋರಿಸಿಕೊಟ್ಟರು.

ರೋಗಗಳು ಹರಡುವುದು ದುರ್ವಾಯುವಿನಿಂದ ಎಂಬ ನಂಬಿಕೆ ಬಲವಾಗಿದ್ದ ಕಾಲವದು. 1808ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಕಟ್ಟಡ ಕಟ್ಟುವ ವಿಷಯ ಸಂಸತ್ತಿನಲ್ಲಿ ಚರ್ಚೆಗೆ ಬಂದಾಗ, ವಿಲಿಯಂ ವಿಂಡಮ್ ಅದನ್ನು ವಿರೋಧಿಸುತ್ತ ಉದ್ಯಾನಗಳನ್ನು ಲಂಡನ್ನಿನ ಶ್ವಾಸಕೋಶಗಳೆಂದು ಕರೆದರು. ಆ ಮಾತು ಹಿರಿಯ ವಿಲಿಯಂ ಪಿಟ್ ಅವರದೆಂದೂ ಹೇಳಿದರು. ಅಂದಿನಿಂದ ಈ ಹೋಲಿಕೆ ಊರೂರು ಸುತ್ತಿತು.

ಡರ್ಬಿಯ ಹನ್ನೊಂದು ಎಕರೆ

ಮಾತು ನೆಲಕ್ಕಿಳಿದ ಊರುಗಳಲ್ಲಿ ಇಂಗ್ಲೆಂಡಿನ ಡರ್ಬಿ ಒಂದು. ರೇಷ್ಮೆ, ಹತ್ತಿ ಗಿರಣಿಗಳ ಆ ಊರಿನ ಜನಸಂಖ್ಯೆ ಆಗ ಮೂವತ್ತು ಸಾವಿರವನ್ನು ದಾಟಿತ್ತಷ್ಟೆ. ಊರಿನ ಮೇಯರ್ ಆಗಿದ್ದ ಬಟ್ಟೆ ಉದ್ಯಮಿ ಜೋಸೆಫ್ ಸ್ಟ್ರಟ್ ಸುಮಾರು 11 ಎಕರೆ ಜಮೀನನ್ನು ಸಾರ್ವಜನಿಕರಿಗಾಗಿ ಕೊಟ್ಟರು. ಉದ್ಯಾನವನ್ನು ರೂಪಿಸಿದವರು ಜಾನ್ ಕ್ಲಾಡಿಯಸ್ ಲೌಡನ್. ಬೆಳೆಯುತ್ತಿರುವ ನಗರಗಳಿಗೆ ‘ಉಸಿರಾಡುವ ತಾಣ’ಗಳು ಬೇಕೆಂದು 1829ರಲ್ಲೇ ಬರೆದಿದ್ದವರು ಅವರು.

1840ರ ಸೆಪ್ಟೆಂಬರ್ 16ರಂದು ಡರ್ಬಿ ಅರ್ಬೊರೇಟಮ್ ತೆರೆಯಿತು. ಒಂದು ಸಾವಿರಕ್ಕೂ ಹೆಚ್ಚು ಬಗೆಯ ಮರಗಳು, ಪೊದೆಗಿಡಗಳು. ಪ್ರತಿಯೊಂದಕ್ಕೂ ಹೆಸರಿನ ಫಲಕ. ಜಾಗ ಚಿಕ್ಕದೆಂದು ತೋರದಿರಲು, ಒಂದು ದಾರಿಯಲ್ಲಿ ನಡೆಯುವವರಿಗೆ ಇನ್ನೊಂದು ದಾರಿ ಕಾಣದಂತೆ ಮಣ್ಣಿನ ದಿಬ್ಬಗಳನ್ನು ಎಬ್ಬಿಸಿದ್ದರು. ಭಾನುವಾರ ಮತ್ತು ಬುಧವಾರ ಪ್ರವೇಶ ಉಚಿತ. ಉಳಿದ ದಿನ ಶುಲ್ಕ. ಎಲ್ಲ ದಿನವೂ ಉಚಿತವಾದದ್ದು 1882ರಲ್ಲಿ.

ಈಗ ಲೆಕ್ಕ ಹಾಕೋಣ

ಡರ್ಬಿಯ ಆ ಉದ್ಯಾನ ಎಷ್ಟು ಜನರ ಉಸಿರಿಗೆ ಸಾಲುತ್ತಿತ್ತು? ದ್ಯುತಿಸಂಶ್ಲೇಷಣೆಯ ಸಮೀಕರಣದ ಪ್ರಕಾರ 180 ಗ್ರಾಂ ಸಕ್ಕರೆ ತಯಾರಾದಾಗ 192 ಗ್ರಾಂ ಆಕ್ಸಿಜನ್ ಬಿಡುಗಡೆಯಾಗುತ್ತದೆ. ಮರವೊಂದು ವರ್ಷಕ್ಕೆ 50 ಕಿಗ್ರಾಂ ಒಣತೂಕ ಗಳಿಸಿತೆಂದು ಇಟ್ಟುಕೊಂಡರೆ, ಅದರಿಂದ ದೊರೆಯುವ ನಿವ್ವಳ ಆಕ್ಸಿಜನ್ ಸುಮಾರು 53 ಕಿಗ್ರಾಂ. ಒಬ್ಬ ಮನುಷ್ಯನಿಗೆ ದಿನಕ್ಕೆ ಸುಮಾರು 0.8 ಕಿಗ್ರಾಂ, ಅಂದರೆ ವರ್ಷಕ್ಕೆ 300 ಕಿಗ್ರಾಂ ಬೇಕು. ಉದಾರವಾಗಿ, ಅಲ್ಲಿದ್ದ ಸಾವಿರವೂ ದೊಡ್ಡ ಮರಗಳೇ ಎಂದುಕೊಂಡರೂ, ಅವುಗಳಿಂದ ಉಸಿರಾಡಬಹುದಾದವರು ಹೆಚ್ಚುಕಡಿಮೆ 180 ಜನ. ಉದುರಿದ ಎಲೆ, ಒಣಗಿದ ಕೊಂಬೆ ಕೊಳೆಯುವಾಗ ಆಕ್ಸಿಜನ್ನಿನ ಒಂದಿಷ್ಟು ಪಾಲು ಮತ್ತೆ ಬಳಕೆಯಾಗುತ್ತದೆ.

ಹಾಗಾದರೆ ಉಳಿದ ಮೂವತ್ತು ಸಾವಿರ ಜನ ಬದುಕಿದ್ದು ಹೇಗೆ? ಸಮುದ್ರಮಟ್ಟದಲ್ಲಿ ಪ್ರತಿ ಚದರ ಮೀಟರ್ ನೆಲದ ಮೇಲೆ ಸುಮಾರು 10 ಟನ್ ಗಾಳಿ ನಿಂತಿದೆ. ತೂಕದಲ್ಲಿ ಅದರ ಶೇ. 23 ಭಾಗ ಆಕ್ಸಿಜನ್. ಅಂದರೆ ಒಂದು ಚದರ ಮೀಟರಿನ ಮೇಲಿರುವ ಆಕ್ಸಿಜನ್ನೇ ಒಬ್ಬ ಮನುಷ್ಯನ ಸುಮಾರು ಎಂಟು ವರ್ಷಗಳ ಉಸಿರು! ಜೊತೆಗೆ ಬೀಸುವ ಗಾಳಿ ಊರಿನ ಹವೆಯನ್ನು ಸದಾ ಬದಲಾಯಿಸುತ್ತಿರುತ್ತದೆ. ಉದ್ಯಾನವಿಲ್ಲದ ಊರಿಗೆ ಆಕ್ಸಿಜನ್ ಕೊರತೆಯಾಗುವುದಿಲ್ಲ.

ಉದ್ಯಾನ ನಿಜವಾಗಿ ಮಾಡುವ ಕೆಲಸ

ಇದರ ಸುಳಿವು ಡರ್ಬಿಗಿಂತ ಮೊದಲೇ ಸಿಕ್ಕಿತ್ತು. ಮೋಡಗಳಿಗೆ ಹೆಸರಿಟ್ಟ ಲೂಕ್ ಹೊವಾರ್ಡ್ 1818-20ರಲ್ಲಿ ಲಂಡನ್ನಿನ ವಾಯುಗುಣದ ಬಗ್ಗೆ ಗ್ರಂಥ ಪ್ರಕಟಿಸಿದರು. ರಾತ್ರಿಯ ವೇಳೆ ನಗರ ಸುತ್ತಲ ಹಳ್ಳಿಗಾಡಿಗಿಂತ ಬೆಚ್ಚಗಿರುತ್ತದೆಂದು ಅವರ ಅಳತೆಗಳು ತೋರಿಸಿದವು. ವ್ಯತ್ಯಾಸ ಸರಾಸರಿ 2 ಡಿಗ್ರಿ ಸೆಲ್ಸಿಯಸ್‌ನಷ್ಟು. ಇಂದು ನಾವು ಇದನ್ನು ನಗರದ ಉಷ್ಣದ್ವೀಪ ಎನ್ನುತ್ತೇವೆ.

ಒಂದು ಕಿಗ್ರಾಂ ನೀರು ಆವಿಯಾಗಲು ಸುಮಾರು 24.5 ಲಕ್ಷ ಜೂಲ್ ಶಾಖ ಬೇಕು. ಬೇರಿಗೆ ಸಾಕಷ್ಟು ನೀರು ಸಿಕ್ಕರೆ ದೊಡ್ಡ ಮರವೊಂದು ದಿನಕ್ಕೆ 100 ಲೀಟರ್ ನೀರನ್ನು ಬಾಷ್ಪವಾಗಿ ಬಿಡಬಲ್ಲದು. ಇದರ ಗುಪ್ತೋಷ್ಣ ಸುಮಾರು 68 ಯೂನಿಟ್ ವಿದ್ಯುತ್ತಿಗೆ ಸಮ. ಒಂದು ಟನ್‌ನ ಎರಡು ಎ.ಸಿ. ಯಂತ್ರಗಳು ಹತ್ತು ಗಂಟೆ ಸೆಳೆಯುವಷ್ಟು ಶಾಖ. ಆದರೆ ಇಲ್ಲಿಯೂ ಪ್ರಾಮಾಣಿಕರಾಗಿರಬೇಕು. ಆಕ್ಸಿಜನ್ನನ್ನು ಬೆರೆಸುವ ಗಾಳಿಯೇ ತಂಪನ್ನೂ ಹೊತ್ತೊಯ್ಯುತ್ತದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2010ರ ಸಮೀಕ್ಷೆಯ ಪ್ರಕಾರ ಹಗಲಿನಲ್ಲಿ ಉದ್ಯಾನದ ಗಾಳಿ ಸರಾಸರಿ ಸುಮಾರು 1 ಡಿಗ್ರಿಯಷ್ಟೇ ತಂಪು. ಮರದಡಿ ನಿಂತವನಿಗೆ ಅದಕ್ಕಿಂತ ಹೆಚ್ಚು ಹಾಯೆನಿಸುವುದು ನೆರಳಿನಿಂದ. ನಡುಹಗಲಿನಲ್ಲಿ ಚದರ ಮೀಟರಿಗೆ ಸುಮಾರು 1000 ವಾಟ್‌ನಷ್ಟು ಬರುವ ಬಿಸಿಲನ್ನು ಎಲೆಗಳು ತಡೆಯುತ್ತವೆ, ನೆಲವೂ ಕಾಯುವುದಿಲ್ಲ.

ತಪ್ಪು ಕಾರಣ, ಒಳ್ಳೆಯ ಕೆಲಸ

ತಪ್ಪು ಕಾರಣಕ್ಕಾಗಿ ಸರಿಯಾದ ಕೆಲಸ ನಡೆದ ಉದಾಹರಣೆ ನಮ್ಮಲ್ಲೂ ಇದೆ. 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಪ್ಲೇಗು ಬಂತು. ಅದು ಹರಡುವುದು ಇಲಿಯ ಚಿಗಟದಿಂದ ಎಂದು ಪಾಲ್ ಲೂಯಿ ಸಿಮಂಡ್ ಕಂಡುಕೊಂಡದ್ದೂ ಅದೇ ವರ್ಷ ಕರಾಚಿಯಲ್ಲಿ. ಆ ವಿಚಾರ ಎಲ್ಲರಿಗೂ ಒಪ್ಪಿಗೆಯಾಗಲು ವರ್ಷಗಳೇ ಹಿಡಿದವು. ಈ ನಡುವೆ, 1903ರಲ್ಲಿ, ಮೈಸೂರಿನಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡು ಸ್ಥಾಪನೆಯಾಗಿ ಇಕ್ಕಟ್ಟಿನ ಕೇರಿಗಳನ್ನು ಬಿಡಿಸಿ, ಅಗಲ ರಸ್ತೆಗಳ ಹೊಸ ಬಡಾವಣೆಗಳನ್ನು ಮಾಡಿತು. ರೋಗ ಗಾಳಿಯಿಂದ ಬರಲಿಲ್ಲ. ಆದರೂ ಇಕ್ಕಟ್ಟು ಕಳೆದಲ್ಲಿ ಇಲಿಗಳ ಬಿಲಗಳೂ ಕಡಿಮೆಯಾಗುತ್ತವೆ.

ಫಲ ಒಳ್ಳೆಯದಾದರೆ ಕಾರಣ ತಪ್ಪಾದರೇನು ಎಂದು ನೀವು ಕೇಳಬಹುದು. ನಾನು ದಿನವೂ ನಡೆಯಲು ಹೋಗುವ ಉದ್ಯಾನದಲ್ಲಿ ಇದಕ್ಕೆ ಉತ್ತರವಿದೆ. ಕೆಲವು ವರ್ಷಗಳ ಹಿಂದೆ ಅದನ್ನು ‘ಅಭಿವೃದ್ಧಿ’ಪಡಿಸಿದರು. ಮರಗಳನ್ನು ಒಂದೂ ಕಡಿಯಲಿಲ್ಲ. ಆದರೆ ಬುಡದವರೆಗೂ ಸಿಮೆಂಟ್ ಇಟ್ಟಿಗೆ ಹಾಸಿದರು. ಆಕ್ಷೇಪಿಸಿದಾಗ ಬಂದ ಉತ್ತರ: ‘ಮರ ಹಾಗೇ ಇದೆಯಲ್ಲ ಸಾರ್, ಆಕ್ಸಿಜನ್ ಬರುತ್ತೆ!’ ಮಳೆನೀರು ಬೇರಿಗೆ ಇಳಿಯದೆ ಚರಂಡಿಗೆ ಹರಿಯುತ್ತದೆ. ನೀರಿಲ್ಲದ ಮರ ಪತ್ರರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ, ತಂಪು ನಿಲ್ಲುತ್ತದೆ. ಹಾಸಿದ ಇಟ್ಟಿಗೆ ಹಗಲೆಲ್ಲ ಕಾದು ಸಂಜೆ ಶಾಖ ಬಿಡುತ್ತದೆ. ಕಾರಣ ತಪ್ಪಾಗಿ ತಿಳಿದಿದ್ದರಿಂದ, ಯಾವುದನ್ನು ಉಳಿಸಬೇಕಿತ್ತೋ ಅದೇ ಹೋಯಿತು. ಅದು ಮಣ್ಣು.

ಶಿಕ್ಷಕರಲ್ಲಿ ಒಂದು ಮನವಿ. ಬೇಸಿಗೆಯ ಒಂದು ಮಧ್ಯಾಹ್ನ ವಿದ್ಯಾರ್ಥಿಗಳನ್ನು ಊರಿನ ಉದ್ಯಾನಕ್ಕೆ ಕರೆದೊಯ್ಯಿರಿ. ಬಿಸಿಲಿನ ಹಾಸುಗಲ್ಲು, ಬಿಸಿಲಿನ ಮಣ್ಣು, ನೆರಳಿನ ಹಾಸುಗಲ್ಲು, ನೆರಳಿನ ಮಣ್ಣು – ಈ ನಾಲ್ಕರ ಮೇಲೆ ಒಂದೇ ಬಗೆಯ ಉಷ್ಣತಾಮಾಪಕಗಳನ್ನಿಟ್ಟು, ಅರ್ಧ ಗಂಟೆಗೊಮ್ಮೆ ಕತ್ತಲಾಗುವವರೆಗೂ ಓದಿಸಿ. ನಕ್ಷೆ ಬರೆದ ಮೇಲೆ, ಉದ್ಯಾನ ಊರಿಗೆ ಏನು ಮಾಡುತ್ತದೆ ಎಂದು ಮತ್ತೊಮ್ಮೆ ಕೇಳಿ. ಈ ಬಾರಿ ಉತ್ತರ ಬಾಯಿಪಾಠದ್ದಾಗಿರುವುದಿಲ್ಲ.