ನಾಸಾಕುಹರಗಳ ಶಿಲೀಂಧ್ರಗಂಟು

ದೇಹದ ರೋಗನಿರೋಧಶಕ್ತಿ ಕುಂದದಿರುವ, ಮಧುಮೇಹವಾಗಲಿ ರಕ್ತದೋಷವಾಗಲಿ ಇಲ್ಲದ ಮನುಷ್ಯನ ಮುಖಾಸ್ಥಿಗಳೊಳಗಿನ ವಾಯುಕುಹರಗಳಲ್ಲಿ ಬೂಷ್ಟಿನ ಜಾತಿಯ ಶಿಲೀಂಧ್ರವು ನೆಲೆಯೂರಿ, ಎಲುಬನ್ನು ಸವೆಸಿ, ಕಣ್ಣುಗುಡ್ಡೆಯನ್ನು ಮುಂದಕ್ಕೆ ನೂಕುವಷ್ಟು ಗಟ್ಟಿಯಾದ ಗಂಟಾಗಿ ಬೆಳೆಯುವ ವಿರಳ ರೋಗ. ಜ್ವರವಿಲ್ಲ, ನೋವು ಅಲ್ಪ, ಬೆಳವಣಿಗೆ ತಿಂಗಳುಗಟ್ಟಲೆ ನಿಧಾನ; ಆದಕಾರಣ ಇದನ್ನು ಅರ್ಬುದವೆಂದು ಬಗೆದ ವೈದ್ಯರನ್ನು ಅಜ್ಞರೆಂದು ದೂಷಿಸುವುದು ನ್ಯಾಯವಲ್ಲ.

ಇದರ ಮುಖ್ಯ ಕಾರಕವಾದ ಆಸ್ಪರ್ಜಿಲಸ್ ಕುಲಕ್ಕೆ 1729ರಲ್ಲಿ ಹೆಸರಿಟ್ಟವನು ಫ್ಲಾರೆನ್ಸಿನ ಸಸ್ಯಶಾಸ್ತ್ರಜ್ಞ ಮಿಕೇಲಿ. ಸ್ವತಃ ಪಾದ್ರಿಯಾಗಿದ್ದ ಅವನಿಗೆ ಬೀಜಕಗಳನ್ನು ಹೊತ್ತ ಅದರ ತಲೆಯು ಇಗರ್ಜಿಯಲ್ಲಿ ಪವಿತ್ರಜಲವನ್ನು ಪ್ರೋಕ್ಷಿಸುವ ಸಾಧನದಂತೆ ತೋರಿತು.

ಆದರೆ ಆರೋಗ್ಯವಂತರ ಈ ವ್ಯಾಧಿಯು ಸ್ಪಷ್ಟರೂಪ ತಾಳಿದುದು ಸುಡಾನಿನಲ್ಲಿ. ಧೂಳಿನಿಂದ ಕೂಡಿದ ಒಣಗಾಳಿಯ ಆ ಸೀಮೆಯ ಉತ್ತರಭಾಗದ ಜನರಲ್ಲಿ ಮೂಗುಕಟ್ಟಿ ಕಣ್ಣು ಹೊರಚಾಚಿ ಬರುತ್ತಿದ್ದ ರೋಗಿಗಳನ್ನು ಮಿಲೋಸೆವ್ ಮತ್ತು ಅವರ ಸಹೋದ್ಯೋಗಿಗಳು 1966ರಲ್ಲಿ ವರ್ಣಿಸಿದರು. 1969ರಲ್ಲಿ ಮಿಲೋಸೆವ್ ಮೊದಲಾದವರು ಹದಿನೇಳು ರೋಗಿಗಳ, 1973ರಲ್ಲಿ ವೆರೆಸ್ ಮೊದಲಾದವರು ನಲವತ್ತಾರು ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಅಲ್ಲಿ ದೊರೆತ ಶಿಲೀಂಧ್ರ ಬಹುತೇಕ ಆಸ್ಪರ್ಜಿಲಸ್ ಫ್ಲೇವಸ್, ಎಂದರೆ ತೇವ ತಗಲಿದ ಕಡಲೆಕಾಯಿಯ ಮೇಲೆ ನಮ್ಮ ರೈತರೂ ಕಾಣುವ ಆ ಹಳದಿಮಿಶ್ರಿತ ಹಸುರು ಬೂಷ್ಟು. ಉಸಿರಿನೊಡನೆ ಎಲ್ಲರೊಳಗೂ ಹೋಗುವ ಬೀಜಕವು ಕೆಲವರಲ್ಲಿ ಮಾತ್ರ ಏಕೆ ಊತಕದೊಳಗೆ ಹೊಗುವುದೆಂಬುದು ಇಂದಿಗೂ ಈ ವಿಷಯದ ಅತ್ಯಂತ ಗಹನವಾದ ಪ್ರಶ್ನೆ.

ಇದು ಅರ್ಬುದವೆಂಬ ಭ್ರಾಂತಿಯ ಮೂಲ ಗಂಟಿನ ರಚನೆಯಲ್ಲಿಯೇ ಇದೆ. ಬಲವುಳ್ಳ ದೇಹವು ಶತ್ರುವನ್ನು ಬೃಹತ್ಕೋಶಗಳಿಂದ ಸುತ್ತುವರಿದು ನಾರಿನ ಊತಕದಲ್ಲಿ ಬಂಧಿಸುವುದರಿಂದ ಗಂಟು ಕಲ್ಲಿನಂತಾಗುತ್ತದೆ; ಅದರೊಳಗೆ ವಿರಳವಾಗಿ ಚದರಿದ ಶಿಲೀಂಧ್ರತಂತುಗಳು ಸಾಮಾನ್ಯ ವರ್ಣಲೇಪನದಲ್ಲಿ ಕಣ್ಣು ತಪ್ಪಿಸಿಕೊಂಡು, ಬೆಳ್ಳಿಯ ಲೇಪನದಲ್ಲಿ ಕಪ್ಪುಗೆರೆಗಳಾಗಿ ಎದ್ದುಕಾಣುತ್ತವೆ. ಕ್ಷಕಿರಣಚಿತ್ರದಲ್ಲಿ ಎಲುಬು ಕರಗಿದುದು ಕಂಡಾಗ ಯಾರ ಮನಸ್ಸೂ ಮೊದಲು ಅರ್ಬುದದತ್ತ ಹೋಗುವುದು ಸಹಜ.

ಭಾರತದಲ್ಲಿ ಚಂಡೀಗಢದ ಚಕ್ರಬರ್ತಿ ಮತ್ತು ಅವರ ಸಂಗಡಿಗರು ಉತ್ತರಭಾರತದ ರೋಗಿಗಳನ್ನು ಕುರಿತು 1992ರಲ್ಲಿ ಬರೆದರು. ಚಿಕಿತ್ಸೆಯಲ್ಲಿ ಮೊದಲು ಆಂಫೊಟೆರಿಸಿನ್, ಅನಂತರ ಇಟ್ರಾಕೊನಜೋಲ್ ಮತ್ತು ವೊರಿಕೊನಜೋಲ್ ಔಷಧಗಳು ಶಸ್ತ್ರಚಿಕಿತ್ಸೆಗೆ ನೆರವಾದುವು. ಆದರೂ ಒಂದು ಕಣ್ಣು ಉಳಿಯುವುದೋ ಹೋಗುವುದೋ ಎಂಬುದು ಅನೇಕ ವೇಳೆ ಔಷಧಕ್ಕಿಂತ ಮೊದಲೇ, ಶಸ್ತ್ರವೈದ್ಯನು ಕತ್ತರಿಸಿದ ತುಣುಕನ್ನು ಏನು ಮಾಡಿದನೆಂಬುದರಿಂದಲೇ ನಿರ್ಧಾರವಾಗುತ್ತದೆ: ಎಲ್ಲವನ್ನೂ ಫಾರ್ಮಲಿನ್ನಿನಲ್ಲಿ ಮುಳುಗಿಸಿದರೆ ಶಿಲೀಂಧ್ರ ಸತ್ತು ಮತ್ತೆ ಬೆಳೆಸಲು ಬಾರದಾಗುವುದು, ಒಂದು ಚೂರನ್ನು ಲವಣಜಲದಲ್ಲಿಟ್ಟು ಪ್ರಯೋಗಶಾಲೆಗೆ ಕಳುಹಿದರೆ ಕೆಲವೇ ದಿನಗಳಲ್ಲಿ ಅದು ತಟ್ಟೆಯ ಮೇಲೆ ಹಸುರಾಗಿ ಬೆಳೆದು ತನ್ನ ಹೆಸರನ್ನು ತಾನೇ ಹೇಳುವುದು.